ಭಾನುವಾರ ಬಾಗಿಲು ಹಾಕುವ ಊರಿನಿಂದ

 

ಜರ್ಮನಿಯ ಬವೇರಿಯಾ ರಾಜ್ಯದ ರಾಜಧಾನಿಯಾದ ಮ್ಯೂನಿಕ್‌ನಲ್ಲಿ ಕನ್ನಡ ಕುಟುಂಬಗಳ ವಾರದ ದಿನಚರಿ ಹೇಗಿದೆ ಎಂದು ಬೆಂಗಳೂರಿನ ಸಹಕಾರನಗರದ ದೊಡ್ಡಪ್ಪನವರು ವಿಚಾರಿಸಿದ್ದರಿಂದ, ಮೊದಲಿಗೆ ಇಲ್ಲಿನ ಭಾನುವಾರದ ವಿಷಯವನ್ನೇ ತಿಳಿಸುವುದು ಸೂಕ್ತ; ಏಕೆಂದರೆ ಸುತ್ತಾಟ, ಖರೀದಿ, ಮನೆಯ ದುರಸ್ತಿ ಈ ಮೂರಕ್ಕೂ ಕಾಲ ನಿಗದಿ ಮಾಡುವುದು ಆ ಒಂದು ದಿನ. ಭಾನುವಾರವನ್ನು ದುಡಿಮೆಯಿಂದ ಬಿಡುವಿನ ದಿನವೆಂದು ಕಾಪಾಡಬೇಕೆಂಬ ಮಾತು 1919ರ ವೈಮಾರ್ ಸಂವಿಧಾನದ 139ನೆಯ ವಿಧಿಯಲ್ಲಿತ್ತು. 1949ರಲ್ಲಿ ಜಾರಿಗೆ ಬಂದ ಈಗಿನ ಸಂವಿಧಾನವು ತನ್ನ 140ನೆಯ ವಿಧಿಯ ಮೂಲಕ ಅದನ್ನು ಹಾಗೆಯೇ ಉಳಿಸಿಕೊಂಡಿತು. ಅಂಗಡಿಗಳು ಯಾವ ಹೊತ್ತಿಗೆ ಮುಚ್ಚಬೇಕೆಂದು ಹೇಳುವ ಕಾನೂನು 1956ರಲ್ಲಿ ಬಂದಿತು. ಬವೇರಿಯಾದಲ್ಲಿ ಇಂದಿಗೂ ಸಾಮಾನ್ಯ ಅಂಗಡಿಗಳು ಸೋಮವಾರದಿಂದ ಶನಿವಾರದವರೆಗೆ ರಾತ್ರಿ 8ಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಅಂಗಡಿಗಳಿಗೆ ಮತ್ತು ಕೆಲವು ಗಂಟೆಗಳ ಮಟ್ಟಿಗೆ ಬೇಕರಿಗಳಿಗೆ ವಿನಾಯಿತಿಯುಂಟು. ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಇಲ್ಲವೆಂದು ಗೊತ್ತಾದ ಮೇಲೆ ಬೀದಿಯ ಕೊನೆಯ ಅಂಗಡಿಗೆ ಹುಡುಗನನ್ನು ಓಡಿಸುವ ಸಹಕಾರನಗರದ ಅಭ್ಯಾಸವನ್ನು ಇಲ್ಲಿಗೆ ಬಂದ ಕುಟುಂಬಗಳು ಬಹುಬೇಗ ಬಿಡಬೇಕಾಗುತ್ತದೆ.

ದಿನಚರಿ ಹೀಗೆ ಬೇರೆಯಾದರೂ ಕರ್ನಾಟಕಕ್ಕೂ ಬವೇರಿಯಾಕ್ಕೂ ನಂಟು ಇಲ್ಲದಿಲ್ಲ. 2007ರಿಂದ ಇವೆರಡೂ ಸಹಭಾಗಿ ರಾಜ್ಯಗಳು. 2023ರ ನವೆಂಬರ್‌ನಿಂದ ಬೆಂಗಳೂರು ಮತ್ತು ಮ್ಯೂನಿಕ್ ನಡುವೆ ನೇರ ವಿಮಾನವೂ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆಗೆ ಹತ್ತಿರದಲ್ಲಿರುವವರಿಗೆ ಈ ಅನುಕೂಲದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಭಾನುವಾರ ಅಂಗಡಿಗಳಿಲ್ಲದ್ದರಿಂದ ಶನಿವಾರವೆಂದರೆ ಖರೀದಿಯ ದಿನ. ಬೇಳೆ, ಸೋನಾ ಮಸೂರಿ, ಹುಣಸೆಹಣ್ಣು, ರಾಗಿಹಿಟ್ಟುಗಳಿಗಾಗಿ ಮುಖ್ಯ ರೈಲು ನಿಲ್ದಾಣದ ದಕ್ಷಿಣದ ಬೀದಿಗಳಲ್ಲಿರುವ ಭಾರತೀಯ ಅಂಗಡಿಗಳಿಗೂ, ಕೊತ್ತಂಬರಿ, ಪುದೀನ, ಬದನೆ, ಬೆಂಡೆಗಳಿಗಾಗಿ ಅದೇ ಬೀದಿಗಳ ತುರ್ಕಿ ಅಂಗಡಿಗಳಿಗೂ ಜನ ಹೋಗುತ್ತಾರೆ. ಆದರೆ ಹೊಸಬರನ್ನು ಹೆಚ್ಚು ಕಂಗೆಡಿಸುವುದು ಊರಿನ ಸಾಮಾನ್ಯ ಅಂಗಡಿಯ ಹಿಟ್ಟಿನ ಸಾಲು. ಇಲ್ಲಿ ಗೋಧಿಹಿಟ್ಟಿನ ಪೊಟ್ಟಣಗಳ ಮೇಲೆ 405, 550, 1050 ಎಂಬ ಸಂಖ್ಯೆಗಳಿರುತ್ತವೆ. ಅವು ಬೆಲೆಯೂ ಅಲ್ಲ, ತೂಕವೂ ಅಲ್ಲ, 100 ಗ್ರಾಂ ಹಿಟ್ಟನ್ನು ಸುಟ್ಟಾಗ ಉಳಿಯುವ ಬೂದಿ, ಅಂದರೆ ಖನಿಜಾಂಶ, ಎಷ್ಟು ಮಿಲಿಗ್ರಾಂ ಎಂಬುದರ ಲೆಕ್ಕ. ತವುಡು ಹೆಚ್ಚು ಉಳಿದಷ್ಟೂ ಸಂಖ್ಯೆ ಏರುತ್ತದೆ. 405 ನಮ್ಮ ಮೈದಾಕ್ಕೆ ಹತ್ತಿರವಾದದ್ದು. ಚಪಾತಿಗೆ ಅದನ್ನು ಕಲಸಿದರೆ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, 1050ಕ್ಕೆ ಸ್ವಲ್ಪ ಇಡೀ ಗೋಧಿಯ ಹಿಟ್ಟನ್ನು ಬೆರೆಸಿದರೆ ಹದಕ್ಕೆ ಬರುತ್ತದೆ. ರವೆಯಲ್ಲಿಯೂ ಎರಡು ಜಾತಿಗಳಿದ್ದು, ಮೃದು ಗೋಧಿಯ ರವೆಯನ್ನು ಇಲ್ಲಿನವರು ಮಕ್ಕಳಿಗೆ ಹಾಲಿನಲ್ಲಿ ಬೇಯಿಸಿ ಕೊಡುವುದರಿಂದ ಅದರಲ್ಲಿ ಮಾಡಿದ ಉಪ್ಪಿಟ್ಟು ಮುದ್ದೆಯಾಗುವುದು ಸಹಜ. ಪಾಸ್ತಾಕ್ಕೆ ಬಳಸುವ ಡುರಮ್ ಎಂಬ ಗಟ್ಟಿ ಗೋಧಿಯ ರವೆಯನ್ನೇ ಕೇಳಿ ತರಬೇಕು.

ಖಾಲಿ ಬಾಟಲಿಗಳನ್ನು ಹೊತ್ತೊಯ್ಯುವ ಕೆಲಸವೂ ಶನಿವಾರದ್ದೇ. ಪಾನೀಯ ಕೊಳ್ಳುವಾಗಲೇ ಬಾಟಲಿಗೆಂದು ಮುಂಗಡ ಕಟ್ಟಿಸಿಕೊಳ್ಳುವ ಪದ್ಧತಿಗೆ ಫಾಂಡ್ ಎನ್ನುತ್ತಾರೆ. ಒಮ್ಮೆ ಬಳಸಿ ಎಸೆಯುವ ಬಾಟಲಿ ಮತ್ತು ಡಬ್ಬಿಗಳಿಗೆ 2003ರಲ್ಲಿ ಕಡ್ಡಾಯವಾದ ಈ ಮುಂಗಡ ಈಗ 25 ಸೆಂಟ್, ಅಂಗಡಿಯ ಯಂತ್ರಕ್ಕೆ ಬಾಟಲಿ ಹಾಕಿದರೆ ಅದು ಹಿಂತಿರುಗುತ್ತದೆ. ಕನ್ನಡ ಮನೆಗಳಲ್ಲಿ ಈ ಚಿಲ್ಲರೆ ಸಾಮಾನ್ಯವಾಗಿ ಮಕ್ಕಳ ಪಾಲಾಗುತ್ತದೆ. ಮುಂಗಡವಿಲ್ಲದ ಗಾಜನ್ನು ಬೀದಿಬದಿಯ ದೊಡ್ಡ ಪೆಟ್ಟಿಗೆಗಳಿಗೆ ಹಾಕಬೇಕು, ಆದರೆ ಭಾನುವಾರ ಹಾಕುವಂತಿಲ್ಲ, ಏಕೆಂದರೆ ಗಾಜು ಒಡೆಯುವ ಸದ್ದು ಅಕ್ಕಪಕ್ಕದವರ ವಿಶ್ರಾಂತಿಗೆ ಭಂಗ ತರುತ್ತದೆ. ಸಂವಿಧಾನದ ಒಂದು ವಿಧಿ ಉಪ್ಪಿನಕಾಯಿ ಬಾಟಲಿಯವರೆಗೆ ಇಳಿದು ಬರುವುದನ್ನು ನೋಡಿದರೆ ನಗು ಬರಬಹುದು, ಆದರೂ ಬೀದಿ ನಿಜಕ್ಕೂ ಮೌನವಾಗಿರುತ್ತದೆ.

ಮನೆಯ ಕೆಲಸಗಳ ಮಾತು ಬಂದರೆ ದೊಡ್ಡಪ್ಪನವರಿಗೆ ಅತ್ಯಂತ ವಿಚಿತ್ರವಾಗಿ ಕಾಣಬಹುದಾದ ಸಂಗತಿಯೆಂದರೆ, ಇಲ್ಲಿನ ಬಾಡಿಗೆ ಮನೆಗಳು ಅನೇಕ ವೇಳೆ ಅಡುಗೆಮನೆಯಿಲ್ಲದೆ ಸಿಗುತ್ತವೆ. ಕೋಣೆ ಇರುತ್ತದೆ, ಗೋಡೆಯಲ್ಲಿ ನೀರಿನ ಕೊಳವೆಯ ಬಾಯಿಯೂ ಒಲೆಗೆಂದು ವಿದ್ಯುತ್ ಸಂಪರ್ಕದ ಪೆಟ್ಟಿಗೆಯೂ ಇರುತ್ತವೆ. ಸಿಂಕ್, ಕಪಾಟು, ಕಟ್ಟೆ, ಒಲೆ ಯಾವುದೂ ಇರುವುದಿಲ್ಲ, ಏಕೆಂದರೆ ಹಿಂದಿನ ಬಾಡಿಗೆದಾರರು ಅವನ್ನೆಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಇಲ್ಲವೇ ಹೊಸಬರಿಗೆ ಮಾರಿರುತ್ತಾರೆ. ಹೀಗಾಗಿ ಬಂದಿಳಿದ ಕುಟುಂಬದ ಮೊದಲ ದೊಡ್ಡ ಯೋಜನೆಯೇ ಅಡುಗೆಮನೆ ಕಟ್ಟುವುದು. ಸಹಕಾರನಗರದಲ್ಲಾದರೆ ಮೇಸ್ತ್ರಿಗೆ ಒಂದು ಫೋನ್ ಮಾಡಿದರೆ ಕಾರ್ಪೆಂಟರ್, ಪ್ಲಂಬರ್, ಟೈಲ್ಸ್ ಕೂರಿಸುವವರು ಒಬ್ಬರ ಹಿಂದೊಬ್ಬರು ಬರುತ್ತಾರೆ, ಮನೆಯವರ ಪಾಲಿಗೆ ಉಳಿಯುವುದು ಕಾಫಿ ಕೊಡುವುದು ಮತ್ತು ತಕರಾರು ತೆಗೆಯುವುದು. ಇಲ್ಲಿ ಕೂಲಿ ದುಬಾರಿ, ಕೆಲಸದವರು ಸಿಗುವುದಕ್ಕೆ ವಾರಗಟ್ಟಲೆ ಕಾಯಬೇಕು. 1953ರ ಕಸುಬುಗಳ ಕಾನೂನಿನ ಪ್ರಕಾರ ವಿದ್ಯುತ್ ಕೆಲಸ, ಕೊಳವೆ ಕೆಲಸ ಮೊದಲಾದ ಅನೇಕ ಕಸುಬುಗಳಲ್ಲಿ ಸ್ವಂತ ವ್ಯವಹಾರ ನಡೆಸಬೇಕಾದರೆ ಸಾಮಾನ್ಯವಾಗಿ ಮೈಸ್ಟರ್ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಟೈಲ್ಸ್ ಕೂರಿಸುವ ಕಸುಬನ್ನು ಕೆಲವು ಕಾಲ ಈ ಕಟ್ಟಿನಿಂದ ಬಿಟ್ಟಿದ್ದು, 2020ರಲ್ಲಿ ಮತ್ತೆ ಸೇರಿಸಿದರು. ಅಪ್ಪನ ಜೊತೆಯಲ್ಲಿ ಕರಣೆ ಹಿಡಿದು ಕಲಿತ ನಮ್ಮ ಗಾರೆ ಕೆಲಸದವರ ಕೈಗುಣ ಇದರಿಂದ ಕಡಿಮೆಯಾಯಿತೆಂದು ಹೇಳುವಂತಿಲ್ಲ, ಆದರೆ ಇಲ್ಲಿನ ಕೆಲಸಗಾರರಿಗೆ ಸಮಾಜದಲ್ಲಿರುವ ಮರ್ಯಾದೆಯನ್ನು ಕಂಡಾಗ ಬೆಂಗಳೂರಿನ ನಡವಳಿಕೆಯ ಬಗ್ಗೆ ಮುಜುಗರವಾಗುವುದು ಸತ್ಯ.

ಆದ್ದರಿಂದ ಮೂರು ಫೇಸಿನ ಒಲೆಯ ಸಂಪರ್ಕವನ್ನು ಎಲೆಕ್ಟ್ರಿಷಿಯನ್‌ಗೆ ಬಿಟ್ಟು ಉಳಿದದ್ದನ್ನು ಮನೆಯವರೇ ಮಾಡುತ್ತಾರೆ. ಐಕಿಯಾ ಕಂಪನಿ ಜರ್ಮನಿಯಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದದ್ದು ಮ್ಯೂನಿಕ್ ಬಳಿಯ ಎಖಿಂಗ್‌ನಲ್ಲಿ, 1974ರಲ್ಲಿ. ಬೆಂಗಳೂರಿನ ನಾಗಸಂದ್ರದ ಮಳಿಗೆ 2022ರಲ್ಲಿ ಬಂದಿತು. ನಾಗಸಂದ್ರದಲ್ಲಿ ಕೊಂಡವರಲ್ಲಿ ಅನೇಕರು ಜೋಡಿಸುವುದಕ್ಕೆ ಆಳನ್ನು ಕರೆಯುತ್ತಾರೆ, ಇಲ್ಲಿ ಗಂಡ ಹೆಂಡತಿ ನೆಲದ ಮೇಲೆ ಕುಳಿತು ಅಲೆನ್ ಕೀ ತಿರುಗಿಸುತ್ತಾರೆ, ಮಕ್ಕಳು ತಿರುಪುಗಳನ್ನು ಎಣಿಸಿ ಕೊಡುತ್ತಾರೆ. ಕಪಾಟನ್ನು ಗೋಡೆಗೆ ತೂಗುಹಾಕಲು ತೂತಿನೊಳಗೆ ತೂರಿಸುವ, ತಿರುಪು ಒಳಹೋದಂತೆ ಅಗಲವಾಗಿ ಕಚ್ಚಿಕೊಳ್ಳುವ ನೈಲಾನ್ ಪ್ಲಗ್ಗನ್ನು 1958ರಲ್ಲಿ ರೂಪಿಸಿದವರು ಇದೇ ದೇಶದ ಆರ್ಟುರ್ ಫಿಶರ್. ಡ್ರಿಲ್ ಹಿಡಿಯುವುದಕ್ಕೂ ಶನಿವಾರವೇ ಗತಿ. ರಾತ್ರಿ 10ರ ನಂತರವಾಗಲಿ ಭಾನುವಾರವಾಗಲಿ ಸದ್ದು ಮಾಡಿದರೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟುವುದು ಖಂಡಿತ. ಗೋಡೆಯ ಬಣ್ಣದ ಮೇಲೂ ನ್ಯಾಯಾಲಯದ ಮಾತು ನಡೆಯುತ್ತದೆ: ಇಂತಿಷ್ಟು ವರ್ಷಕ್ಕೊಮ್ಮೆ ಬಾಡಿಗೆದಾರರು ಬಣ್ಣ ಬಳಿಸಲೇಬೇಕೆಂಬ ಬಿಗಿಯಾದ ಷರತ್ತು ಅಸಿಂಧುವೆಂದು 2004ರಲ್ಲಿ ತೀರ್ಪು ನೀಡಿದ ಫೆಡರಲ್ ನ್ಯಾಯಾಲಯ, ತಿಳಿಬಣ್ಣದ ಮನೆಯನ್ನು ಗಾಢ ಬಣ್ಣ ಬಳಿದು ಹಿಂದಿರುಗಿಸಿದವರು ನಷ್ಟ ತುಂಬಿಕೊಡಬೇಕೆಂದು 2013ರಲ್ಲಿ ಹೇಳಿತು. ದೇವರ ಮೂಲೆಗೆ ಅರಿಶಿನದ ಬಣ್ಣ ಬಳಿಯಲು ಹೊರಟವರು ಬಿಟ್ಟುಹೋಗುವಾಗ ಬಿಳಿ ಬಳಿಯುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಂಗಡಿಯೂ ಇಲ್ಲ, ಡ್ರಿಲ್ಲೂ ಇಲ್ಲ ಎಂದಾದ ಮೇಲೆ ಭಾನುವಾರ ಉಳಿಯುವುದು ಸುತ್ತಾಟ. ಮ್ಯೂನಿಕ್‌ನ ಆಲ್ಟೆ ಪಿನಕೊಥೆಕ್ ಮೊದಲಾದ ಸರ್ಕಾರಿ ಚಿತ್ರಶಾಲೆಗಳಿಗೆ ಆ ದಿನ ಒಂದು ಯೂರೋ ಮಾತ್ರ ಪ್ರವೇಶಶುಲ್ಕ. ಬವೇರಿಯಾ ಟಿಕೆಟ್ ಎಂಬ ಒಂದೇ ಚೀಟಿಯಲ್ಲಿ ಐದು ಜನರವರೆಗೆ ರಾಜ್ಯದ ಪ್ರಾದೇಶಿಕ ರೈಲುಗಳಲ್ಲಿ ದಿನವಿಡೀ ಓಡಾಡಬಹುದಾದ್ದರಿಂದ ಎರಡು ಕುಟುಂಬಗಳು ಕೂಡಿ, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಟೇಗರ್ನ್‌ಸೇ ಸರೋವರದ ಕಡೆಗೆ ಹೊರಡುತ್ತವೆ. ಊರಿನಿಂದ ಬರುವ ಬಂಧುಗಳೆಲ್ಲರೂ ನೋಡಲೇಬೇಕೆನ್ನುವುದು ನೊಯ್ಷ್ವಾನ್‌ಸ್ಟೈನ್ ಅರಮನೆಯನ್ನು. ದೊರೆ ಎರಡನೆಯ ಲುಡ್ವಿಗ್ 1869ರಲ್ಲಿ ಕಟ್ಟಿಸತೊಡಗಿ 1886ರಲ್ಲಿ ತೀರಿಕೊಂಡಾಗ ಇನ್ನೂ ಅಪೂರ್ಣವಾಗಿದ್ದ ಆ ಕಟ್ಟಡ 2025ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನಸಂದಣಿ ಕಡಿಮೆಯಾಗುವ ಸಂಭವವಂತೂ ಇಲ್ಲ.

ಕನ್ನಡಿಗರಿಗೆ ಅದಕ್ಕಿಂತ ಸಾರ್ಥಕವಾದ ದಾರಿ ಪಶ್ಚಿಮಕ್ಕೆ, ನೆರೆಯ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಕ್ಕೆ ಹೋಗುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಣು ಮುಚ್ಚಿದ್ದು ಟ್ಯೂಬಿಂಗನ್‌ನಲ್ಲಿ; ಅಲ್ಲಿನ ವಿಶ್ವವಿದ್ಯಾಲಯವೇ ಇಬ್ಬರಿಗೂ ಗೌರವ ಡಾಕ್ಟರೇಟ್ ನೀಡಿತ್ತು. ಅಲ್ಲಿ ನೋಡುವುದಕ್ಕೆ ಅರಮನೆಯಷ್ಟು ಇಲ್ಲವೆಂಬುದು ನಿಜ; ನೆಕ್ಕರ್ ನದಿ, ಇಕ್ಕಟ್ಟಾದ ಬೀದಿಗಳು, ವಿದ್ಯಾರ್ಥಿಗಳು ಇಷ್ಟೇ. ಆದರೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಜರ್ಮನ್ ಆಡುವ ಮಕ್ಕಳಿಗೆ ಈ ಎರಡೂ ಭಾಷೆಗಳನ್ನು ಒಂದೇ ತಲೆಯಲ್ಲಿ ಹೊತ್ತು ದಶಕಗಳ ಕಾಲ ದುಡಿದ ಕಿಟೆಲ್ ನಡೆದಾಡಿದ ಊರೆಂದು ತೋರಿಸಬಹುದು.

ದೊಡ್ಡಪ್ಪನವರೂ ದೊಡ್ಡಮ್ಮನವರೂ ಬೇಸಿಗೆಗೆ ಬರುವ ಯೋಚನೆಯಲ್ಲಿರುವುದರಿಂದ ಸಾಮಾನಿನ ವಿಷಯವಾಗಿ ಒಂದು ಮಾತು. ಐರೋಪ್ಯ ಒಕ್ಕೂಟದ ನಿಯಮದಂತೆ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ತರುವಂತಿಲ್ಲ, ಆದ್ದರಿಂದ ತುಪ್ಪ ಮತ್ತು ಪೇಡ ಅಲ್ಲಿಯೇ ಇರಲಿ. ಹಸಿ ಸೊಪ್ಪು, ಹಣ್ಣುಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಹಿತ್ತಲಿನ ಕರಿಬೇವನ್ನೂ ಕಟ್ಟಬಾರದು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿಯಿದೆ. ಸಾರಿನ ಪುಡಿ, ಹುರಿಗಡಲೆ, ಒಂದು ತುರಿಮಣೆ ತಂದರೆ ಸಾಕು. ವಿಮಾನ ಶನಿವಾರದೊಳಗೆ ಇಳಿಯುವಂತೆ ಟಿಕೆಟ್ ತೆಗೆಸಿದರೆ ತರಕಾರಿ ತಂದಿಡಲು ಅನುಕೂಲವಾಗುತ್ತದೆ.