ರಾಜರ ಹೆಸರು ಕೇಳುವವರಿಗೆ

ರಾಜರ ಹೆಸರು ಗೊತ್ತಿಲ್ಲದವರನ್ನು ಕಂಡು ನಗುವುದು ಓದಿದವರಿಗೆ ಒಂದು ಚಟವಾಗಿದೆ. ಟೀವಿಯ ರಸಪ್ರಶ್ನೆಯಲ್ಲಿ ಡಿಗ್ರಿ ಮುಗಿಸಿದ ಹುಡುಗ ಕೂತಿರುತ್ತಾನೆ. ನರ್ಮದೆಯ ದಂಡೆಯಲ್ಲಿ ಹರ್ಷವರ್ಧನನನ್ನು ತಡೆದ ಚಾಲುಕ್ಯ ದೊರೆ ಯಾರು ಅಂತ ಕೇಳಿದರೆ ಕೃಷ್ಣದೇವರಾಯ ಅನ್ನುತ್ತಾನೆ. ಇಮ್ಮಡಿ ಪುಲಿಕೇಶಿಗೂ ಕೃಷ್ಣದೇವರಾಯನಿಗೂ ನಡುವೆ ಸುಮಾರು ಒಂಬೈನೂರು ವರ್ಷ. ಮರುದಿನ ಚಹಾದಂಗಡಿಯಲ್ಲಿ ಅದೇ ಸುದ್ದಿ: ‘ಸಾಲಿ ಕಲ್ತು ಏನ್ ಕಡದ್ ಕಟ್ಟಿ ಹಾಕಿದ್ರೋ!’

ನಮಗೆ ನಗು ಬರುವುದಿಲ್ಲ. ಯಾಕಂದ್ರ ಆ ಕುರ್ಚಿ ಮ್ಯಾಲ ಕುಂತವ ನಮ್ಮಂಥವನ.

ರಸಪ್ರಶ್ನೆಯ ಮೇಲೆ ನಮಗೆ ಸಿಟ್ಟಿಲ್ಲ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಸರಿಯುತ್ತರಕ್ಕೆ ರೊಕ್ಕದ ಬದಲು ಪುಸ್ತಕ ಕೊಟ್ಟಿತು. ಪುಸ್ತಕವೇ ಇಲ್ಲದ ಮನೆಗಳಲ್ಲಿ ಕೂತು ನಾವು ಅದನ್ನು ಆಸೆಯಿಂದ ನೋಡಿದವರು. ನಮ್ಮ ಸಿಟ್ಟು ಆ ನಗುವಿನ ಮೇಲೆ.

ನಾವು ಬನಹಟ್ಟಿಯ ಮಗ್ಗದ ಸಪ್ಪಳದಾಗ ಬೆಳೆದವರು. ಅಪ್ಪ ಪಾವರಲೂಮಿನ ಕೂಲಿ, ಅವ್ವ ಕಂಡಿಕೆ ಸುತ್ತುವಾಕಿ. ಮನೆಗೆ ಡಿಗ್ರಿ ಕಾಗದ ತಂದವರಲ್ಲಿ ನಾವೇ ಮೊದಲಿಗರು. ಶಾಲೆಯಲ್ಲಿ ಇತಿಹಾಸವೆಂದರೆ ಉರು ಹೊಡೆಯುವ ಪಟ್ಟಿ. ಯಾವ ರಾಜ, ಯಾರ ಮಗ, ಎಷ್ಟು ಯುದ್ಧ, ಎಷ್ಟು ಬಿರುದು. ಪರೀಕ್ಷೆ ಮುಗಿದ ಸಂಜೆ ಎಲ್ಲಾ ಖಾಲಿ. ಉಳಿದದ್ದು ಸಿನೆಮಾ ಒಂದೇ. ನಮ್ಮ ಕೇರಿಗೆ ಪುಲಿಕೇಶಿ ಬಂದದ್ದು 1967ರ ಚಿತ್ರದಿಂದ, ಕೃಷ್ಣದೇವರಾಯ 1970ರ ಚಿತ್ರದಿಂದ, ಮಯೂರ 1975ರ ಚಿತ್ರದಿಂದ. ಮೂವರಿಗೂ ಒಂದೇ ಮುಖ, ರಾಜಕುಮಾರರ ಮುಖ. ಮುಖ ಒಂದೇ ಇದ್ದ ಮ್ಯಾಲ ಹೆಸರು ಅದಲು ಬದಲಾದ್ರ ಹುಡುಗನ್ನ ಯಾಕ ಬೈತೀರಿ?

ದೂರದ ಮಾತು ಬಿಡ್ರಿ. ನಮ್ಮ ಓಣಿಯ ಕಾಲೇಜು ಹುಡುಗರನ್ನು ಕೂಡಿಸಿಕೊಂಡು ಕೇಳಿದೆವು: ‘1948ಕ್ಕೂ ಮೊದಲು ನಮ್ಮೂರನ್ನ ಆಳತಿದ್ದವರು ಯಾರು?’ ಒಬ್ಬ ಬ್ರಿಟಿಷರು ಅಂದ. ಒಬ್ಬ ಆದಿಲಶಾಹಿ ಅಂದ. ಇನ್ನೊಬ್ಬ ಮೈಸೂರು ಮಹಾರಾಜರು ಅಂದ. ಜಮಖಂಡಿಯ ಪಟವರ್ಧನರ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ಬನಹಟ್ಟಿ ಜಮಖಂಡಿ ಸಂಸ್ಥಾನದಾಗ ಇತ್ತು, ತೇರದಾಳ ಸಾಂಗಲಿಯವರದು, ಮುಧೋಳ ಘೋರ್ಪಡೆಯವರದು. ಒಂದು ಹೊತ್ತಿನ ಬುತ್ತಿ ಕಟ್ಟಿಕೊಂಡು ನಡೆದರೆ ಮೂರು ರಾಜ್ಯ ದಾಟಬಹುದಿತ್ತು. 1948ರ ಮಾರ್ಚಿಯಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ನಮ್ಮ ಪಠ್ಯಪುಸ್ತಕದಲ್ಲಿ ಮೈಸೂರಿನ ಅರಸರಿಗೆ ಪುಟಗಟ್ಟಲೆ ಜಾಗವಿತ್ತು, ನಮ್ಮನ್ನು ಆಳಿದವರಿಗೆ ಒಂದು ಸಾಲೂ ಇರಲಿಲ್ಲ. ಹೀಗಿರುವಾಗ ಮೈಸೂರು ಅಂದ ಹುಡುಗ ಸುಳ್ಳು ಹೇಳಲಿಲ್ಲ, ಕಲಿಸಿದ್ದನ್ನೇ ಹೇಳಿದ.

ಅದೇ ಓಣಿಯ ಆಯಿ ಒಬ್ಬಾಕಿಗೆ ಇದೇ ಪ್ರಶ್ನೆ ಹಾಕಿದೆವು. ಆಕೆ ಅಂದಳು: ‘ರಾಜನ ಹೆಸರು ತಗೊಂಡು ನಾ ಏನ್ ಮಾಡ್ಲೋ ಯಪ್ಪಾ? ನಮ್ಮ ಮಾವ ವಾಲಿಕಾರಕಿ ಮಾಡಾಂವ. ದಪ್ತರ ಹೊತ್ತು ಹೊತ್ತು ಅವನ ಹೆಗಲ ಮ್ಯಾಲ ಜಡ್ಡುಗಟ್ಟಿತ್ತು. ಅದನ್ನ ನಾ ನೋಡೀನಿ.’

ಆ ಜಡ್ಡೇ ನಮ್ಮ ಶಾಸನ. ವತನದ ಹೆಸರಲ್ಲಿ ಒಂದು ತುಂಡು ಹೊಲ ಕೊಟ್ಟು, ಅದಕ್ಕೆ ಬದಲಾಗಿ ತಲೆತಲಾಂತರಕ್ಕೆ ಚಾವಡಿಯ ಚಾಕರಿ ಬರೆದರು. ದಪ್ತರ ಹೊರಬೇಕು, ಓಲೆ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು. ಮಹಾರ ವತನದ ಈ ಕಟ್ಟು ಹರಿಯಬೇಕೆಂದು ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಗೆ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ವತನ ರದ್ದಿಗೆ ಕಾಯ್ದೆ ಆದದ್ದು 1961ರಲ್ಲಿ. ರಾಜರು ಹೋಗಿ ಹದಿಮೂರು ವರ್ಷವಾದ ಮೇಲೆ! ಇದು ರಾಜರ ಇತಿಹಾಸ ಅಲ್ಲೇನು? ಇದನ್ನು ಯಾವ ರಸಪ್ರಶ್ನೆಯಲ್ಲಿ ಕೇಳಿದ್ದಾರೆ?

ಹಾಗಂತ ರಾಜರ ಚರಿತ್ರೆ ನಮಗೆ ಬ್ಯಾಡ ಅನ್ನುವ ಗೆಳೆಯರೂ ಇದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಚರಿತ್ರೆ ಬಿಟ್ಟುಕೊಡುವುದೆಂದರೆ ಹೊಲದ ಉತಾರ ಬಿಟ್ಟುಕೊಟ್ಟಂತೆ. ನಾವು ಓದಬೇಕು, ಆದರೆ ಪ್ರಶ್ನೆ ನಮ್ಮದಿರಬೇಕು. ಹಲ್ಮಿಡಿ ಶಾಸನದಲ್ಲಿ ವಿಜ ಅರಸನೆಂಬ ವೀರನಿಗೆ ಊರು ದಾನ ಕೊಟ್ಟದ್ದಿದೆ. ಆ ಊರಿನ ಹೊಲ ಉಳುತ್ತಿದ್ದವರು ದಾನದ ಮರುದಿನ ಯಾರಿಗೆ ಕಾಳು ಅಳೆದರು? ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಗುಡಿಯ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿಯೇ ಕಲ್ಲಿನ ಮೇಲೆ ಇದೆ. ಆ ಕಲ್ಲು ಹೊತ್ತವರ ಹೆಸರು? ಪಕ್ಕದ ಮುಧೋಳದ ರನ್ನ ಬಳೆಗಾರರ ಮನೆಯ ಮಗ. ಅವನು ಯಾವ ರಾಜನ ಆಸ್ಥಾನಕವಿ ಅಂತ ಕೇಳುತ್ತಾರೆ. ಬಳೆ ಮಾರುವವರ ಮನೆಯ ಹುಡುಗ ಅಕ್ಷರಕ್ಕಾಗಿ ಎಷ್ಟು ಬಾಗಿಲು ಬಡಿದ ಅಂತ ಕೇಳುವುದಿಲ್ಲ.

ಹಲಗಲಿಯೂ ಇಲ್ಲಿಯದೇ. 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಿರೆಂದಾಗ ಮುಧೋಳ ಸಂಸ್ಥಾನದ ಈ ಊರಿನ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಜಡಗ, ಬಾಳ, ಹನುಮ, ರಾಮ ಎಂಬ ಹೆಸರುಗಳನ್ನು ಉಳಿಸಿದ್ದು ದರಬಾರಿನ ಬಖೈರಲ್ಲ, ಲಾವಣಿ. ಸಾಲಿ ಮೆಟ್ಟಲು ಹತ್ತದ ಹಾಡಿಕೆಯವರು ಈ ಪ್ರಶ್ನೆಗೆ ನಿದ್ದಿಗಣ್ಣಲ್ಲೂ ಉತ್ತರ ಹೇಳುತ್ತಾರೆ.

ನಮ್ಮ ಕೇರಿ ಮರೆಯದ ರಾಜರೂ ಇದ್ದಾರೆ. ಕೊಲ್ಲಾಪುರದ ಶಾಹು ಮಹಾರಾಜರ ಪಟ ಬಾಬಾಸಾಹೇಬರ ಪಟದ ಮಗ್ಗುಲಿಗೆ ತೂಗುತ್ತದೆ. 1902ರ ಜುಲೈ 26ರಂದು ತಮ್ಮ ಸಂಸ್ಥಾನದ ನೌಕರಿಯಲ್ಲಿ ನೂರಕ್ಕೆ 50 ಜಾಗ ಹಿಂದುಳಿದವರಿಗೆಂದು ಹುಕುಂ ಹೊರಡಿಸಿದವರು ಅವರು. 1920ರ ಮಾರ್ಚಿಯಲ್ಲಿ ಮಾಣಗಾವ ಪರಿಷತ್ತಿಗೆ ಬಂದು, ಇನ್ನೂ ಮೂವತ್ತು ತುಂಬದ ಅಂಬೇಡ್ಕರರನ್ನು ನಿಮ್ಮ ನಾಯಕ ಎಂದು ತೋರಿಸಿಕೊಟ್ಟವರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದನ್ನೂ ನಾವು ಮರೆಯುವುದಿಲ್ಲ. ಈ ಹೆಸರುಗಳನ್ನು ಯಾರೂ ನಮಗೆ ಉರು ಹೊಡೆಸಲಿಲ್ಲ. ನಮ್ಮ ಅನ್ನಕ್ಕೆ, ಅಕ್ಷರಕ್ಕೆ ತಾಗಿದ ರಾಜ ತಾನಾಗೇ ನೆನಪಿನಲ್ಲಿ ನಿಲ್ಲುತ್ತಾನೆ.

ಇದು ಬರೀ ಟೀವಿಯ ಮಾತಲ್ಲ. ರಾತ್ರಿ ಪಾಳಿ ಮುಗಿಸಿ, ಕಿವಿಯೊಳಗ ಇನ್ನೂ ಮಗ್ಗ ಬಡಿಯುತ್ತಿರುವಾಗಲೇ ವಾಚನಾಲಯಕ್ಕೆ ಬರುವ ಹುಡುಗರನ್ನು ನಾವು ದಿನಾ ನೋಡುತ್ತೇವೆ. ಪಿಡಿಒ ಆಗಬೇಕು, ಪೊಲೀಸ್ ಆಗಬೇಕು. ರಾಷ್ಟ್ರಕೂಟರ ವಂಶಾವಳಿ ತಪ್ಪಿದರೆ ಒಂದು ಅಂಕ ಹೋಯಿತು, ಒಂದು ಅಂಕಕ್ಕೆ ನೌಕರಿ ಹೋಯಿತು. ಅಜ್ಜನ ಹೆಗಲು ಮುರಿದ ರಾಜವಂಶವೇ ಮೊಮ್ಮಗನ ಹಾದಿಗೂ ಅಡ್ಡ ನಿಂತರೆ ಅದನ್ನು ಜ್ಞಾನವೆಂದು ಹ್ಯಾಂಗ ಕರೀಬೇಕು?

ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮಲ್ಲಿ ನಮ್ಮದೊಂದು ಕೇಳಿಕೆ. ಪಾಠ ಶುರು ಮಾಡುವ ಮೊದಲು ಮಕ್ಕಳಿಗೆ ಹೇಳಿರಿ: ಮನೆಗೆ ಹೋಗಿ ಕೇಳಿಕೊಂಡು ಬರ್ರಿ, ನಿಮ್ಮ ಮುತ್ಯಾನ ಅಪ್ಪ ಯಾರ ಹೊಲದಾಗ ದುಡಿದ? ಯಾರ ಹೊರೆ ಹೊತ್ತ? ಆ ಹೊಲದ ಉತಾರದಾಗ ಈಗ ಯಾರ ಹೆಸರು ಐತಿ? ಬಂದ ಉತ್ತರಗಳನ್ನು ಬೋರ್ಡಿನ ಒಂದು ಬದಿಗೆ ಬರೆಯಿರಿ, ಇನ್ನೊಂದು ಬದಿಗೆ ಆ ಕಾಲಕ್ಕೆ ಆಳುತ್ತಿದ್ದವರ ಹೆಸರು ಮತ್ತು ಇಸವಿ ಬರೆಯಿರಿ. ಎರಡನ್ನೂ ಕೂಡಿಸಿ ಓದಿದ ಹುಡುಗಿಗೆ ಪಟವರ್ಧನರ ಹೆಸರೂ ನೆನಪಿರುತ್ತದೆ, ವಾಲಿಕಾರನ ಹೆಸರೂ ನೆನಪಿರುತ್ತದೆ. ಅಂಥವಳು ನಾಳೆ ರಸಪ್ರಶ್ನೆಯ ಕುರ್ಚಿಯಲ್ಲಿ ಕೂತು ಉತ್ತರ ಹೇಳಲಿ. ನಾಡದು ಪ್ರಶ್ನೆ ಕೇಳುವವರ ಕುರ್ಚಿಗೂ ಅವಳೇ ಬರಲಿ.