ಮೀಟರ್ ಬಿಚ್ಚುವ ಕೈಗಳು

ಮಲೆನಾಡಿನ ಪೇಟೆಗಳಲ್ಲಿ ಜೀಪು ರಿಪೇರಿ ಮಾಡುವವರಿಗೆ ಇವತ್ತಿಗೂ ಬರವಿಲ್ಲ. ಎಂಜಿನ್ ಇಳಿಸುವವರಿದ್ದಾರೆ, ಗೇರ್‌ಬಾಕ್ಸ್ ಬಿಚ್ಚುವವರಿದ್ದಾರೆ, ತುಕ್ಕು ತಿಂದ ಬಾಡಿಗೆ ತಗಡು ಕೂರಿಸಿ ಬಣ್ಣ ಹೊಡೆದುಕೊಡುವವರಿದ್ದಾರೆ. ಸಿಗದೇ ಹೋಗಿರುವವರು ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಸರಿಮಾಡುವವರು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಹಳೇ ವಿಲ್ಲೀಸ್ ಜೀಪಿನ ಹಿಂದೆ ಪಿಕಪ್ ಬಾಡಿ ಕಟ್ಟಿಸಿಕೊಂಡ ತೋಟದ ಗಾಡಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಓಡುತ್ತಿವೆ. ಒಳಗೆ ಇಣುಕಿದರೆ ಮೀಟರುಗಳ ಪೈಕಿ ಎರಡೋ ಮೂರೋ ಸತ್ತಿರುತ್ತವೆ. ಒಂದೊಂದು ಗಾಡಿಯಲ್ಲಂತೂ ಗೇಜು ಇದ್ದ ಜಾಗದಲ್ಲಿ ಬರೀ ತೂತು, ಆ ತೂತಿಗೆ ತುರುಕಿದ ಬಟ್ಟೆ.

ನಮ್ಮ ಮನೆಯ ಪಿಕಪ್ಪೂ ಅದೇ ಜಾತಿಯದು. ಮೂಲದಲ್ಲಿ ಸಿಜೆ-3ಎ, ಅಮೆರಿಕದ ಟೊಲೆಡೊದಲ್ಲಿ ವಿಲ್ಲೀಸ್ ಕಂಪನಿ 1949ರಿಂದ 1953ರವರೆಗೆ ತಯಾರಿಸಿದ ಮಾದರಿ. ಒಂದು ದೊಡ್ಡ ಸ್ಪೀಡೋಮೀಟರ್, ಜೊತೆಗೆ ನಾಲ್ಕು ಚಿಕ್ಕವು: ಪೆಟ್ರೋಲು, ಆಂಪಿಯರ್, ಆಯಿಲ್, ಹೀಟು. ಕಾಫಿ ಮೂಟೆ ಹೇರಿಕೊಂಡು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುವಾಗ, ಮಂಗಳೂರಿನಿಂದ ಹೆಂಚು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ, ಅಪ್ಪನ ಕಣ್ಣು ರಸ್ತೆಯ ಮೇಲೆ ಎಷ್ಟಿರುತ್ತಿತ್ತೋ ಆ ಮುಳ್ಳುಗಳ ಮೇಲೂ ಅಷ್ಟೇ ಇರುತ್ತಿತ್ತು. ‘ಹೀಟು ಏರ್ತಾ ಇದೆ, ಮುಂದಿನ ತಿರುವಿನ ಹತ್ರ ನೀರಿದೆ, ಅಲ್ಲಿ ನಿಲ್ಸೋಣ’ ಎನ್ನುತ್ತಿದ್ದರು. ರೇಡಿಯೇಟರು ಕುದಿಯುವುದಕ್ಕೆ ಮುಂಚೆಯೇ ಗಾಡಿ ನಿಂತಿರುತ್ತಿತ್ತು. ಹೆಡ್‌ಲೈಟ್ ಹಾಕಿದಾಗ ಆಂಪಿಯರ್ ಮುಳ್ಳು ಮೈನಸ್ ಕಡೆ ಎಷ್ಟು ವಾಲಿತು, ಎಂಜಿನ್ ಜೋರು ಮಾಡಿದಾಗ ಎಷ್ಟು ಬೇಗ ಪ್ಲಸ್ಸಿಗೆ ಬಂತು ಎಂಬುದರಲ್ಲೇ ಡೈನಮೋ ಆರೋಗ್ಯ ಅವರಿಗೆ ತಿಳಿಯುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಯಿಲ್ ಗೇಜು. ಅದರಲ್ಲಿ ಕರೆಂಟಿನ ಮಾತೇ ಇಲ್ಲ. ಎಂಜಿನ್ನಿನಿಂದ ಹೊರಟ ಸಣ್ಣ ಪೈಪಿನಲ್ಲಿ ಸಾಕ್ಷಾತ್ ಆಯಿಲೇ ಡ್ಯಾಶ್‌ಬೋರ್ಡಿನವರೆಗೆ ಬರುತ್ತದೆ. ಗೇಜಿನ ಒಳಗೆ ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆ. ಒತ್ತಡ ಏರಿದರೆ ಅದು ಕೂದಲೆಳೆಯಷ್ಟು ನೆಟ್ಟಗಾಗುತ್ತದೆ, ಅಷ್ಟನ್ನು ಹಲ್ಲುಚಕ್ರ ದೊಡ್ಡದು ಮಾಡಿ ಮುಳ್ಳಿಗೆ ತಲುಪಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಗಿಯಂತ್ರಗಳ ಕಾಲದ ಆ ಕೊಳವೆ ನಮ್ಮ ತೋಟದ ಪಿಕಪ್ಪಿನಲ್ಲಿ ಮಳೆಗಾಲ ಬೇಸಿಗೆ ಎನ್ನದೆ ಕೆಲಸ ಮಾಡಿತು. ಪೈಪಿನ ನಟ್ಟು ಸಡಿಲವಾದರೆ ಡ್ರೈವರನ ಮೊಣಕಾಲಿನ ಮೇಲೆ ಬಿಸಿ ಆಯಿಲ್ ತೊಟ್ಟಿಕ್ಕುತ್ತಿತ್ತು, ನಿಜ. ಆದರೂ ಅದನ್ನು ತೆಗೆಸಿ ಕೆಂಪು ದೀಪ ಹಾಕಿಸಲು ಅಪ್ಪ ಒಪ್ಪಲಿಲ್ಲ. ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗ್ ಹೋಗಿರುತ್ತದೆ ಎಂಬುದು ಅವರ ವಾದ. ಮುಳ್ಳಾದರೆ ತಿಂಗಳಿಂದ ತಿಂಗಳಿಗೆ ಒಂದೊಂದೇ ಗೆರೆ ಕೆಳಗಿಳಿಯುತ್ತಾ ಎಂಜಿನ್ ಸವೆಯುತ್ತಿರುವುದನ್ನು ಮೊದಲೇ ಹೇಳುತ್ತದೆ. ಆ ವಾದ ಸರಿ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಕೆಟ್ಟ ಮೀಟರುಗಳನ್ನೆಲ್ಲ ಚಿಕ್ಕಮಗಳೂರಿನ ಒಬ್ಬ ಮೀಟರ್ ರಿಪೇರಿಯವರ ಬಳಿಗೆ ಒಯ್ಯುತ್ತಿದ್ದೆವು. ಪೇಟೆಯಲ್ಲಿ ಎಲ್ಲರೂ ಅವರನ್ನು ಮೀಟರ್ ಸಾಬರು ಎಂದೇ ಕರೆಯುತ್ತಿದ್ದುದು. ಒಂದು ಬೆಂಚು, ಒಂದು ಸೀಮೆಎಣ್ಣೆ ಸ್ಟೌ, ಬೆಸುಗೆ ಕಡ್ಡಿ, ವಾಚ್ ರಿಪೇರಿಯವರ ಮಸೂರ. ಗೇಜಿನ ಬಾಯಿಗೆ ಬಿಗಿದ ರಿಂಗನ್ನು ಎಬ್ಬಿಸುವಾಗ ಅವರು ಒಂದೇ ಕಡೆ ಮೀಟುತ್ತಿರಲಿಲ್ಲ. ಚಿಕ್ಕ ಸ್ಕ್ರೂಡ್ರೈವರಿನಿಂದ ಸುತ್ತಲೂ ಒಂದಿಷ್ಟು ಎಬ್ಬಿಸಿ, ಮತ್ತೆ ಮೊದಲಿನಿಂದ ಇನ್ನೊಂದಿಷ್ಟು. ಅವಸರ ಮಾಡಿದರೆ ರಿಂಗು ಸೀಳುತ್ತದೆ, ಸೀಳಿದ ರಿಂಗು ಮತ್ತೆ ಕೂರುವುದಿಲ್ಲ.

ಅವರ ಕೆಲಸದಲ್ಲಿ ಮರೆಯಲಾಗದ್ದು ಹೀಟ್ ಮೀಟರ್ ರಿಪೇರಿ. ಆ ಮೀಟರಿನ ಇನ್ನೊಂದು ತುದಿಯಲ್ಲಿ ಎಂಜಿನ್ ನೀರಿನೊಳಗೆ ಮುಳುಗಿಸಿಟ್ಟ ಬುಡ್ಡಿ ಇರುತ್ತದೆ, ಬುಡ್ಡಿಯಲ್ಲಿ ಈಥರ್. ನೀರು ಬಿಸಿಯಾದಂತೆ ಈಥರ್ ಆವಿಯ ಒತ್ತಡ ಕೂದಲಿನಷ್ಟು ಸಪೂರ ಕೊಳವೆಯಲ್ಲಿ ಹಾದು ಮುಳ್ಳನ್ನು ಎತ್ತುತ್ತದೆ. ಕೊಳವೆ ಎಲ್ಲೋ ಉಜ್ಜಿ ತುಂಡಾದರೆ ಈಥರ್ ಹಾರಿಹೋಯಿತು, ಮೀಟರ್ ಸತ್ತಿತು. ಆಗ ಸಾಬರು ಗುಜರಿಯಿಂದ ತಂದ ಬೇರೊಂದು ಮೀಟರಿನ ಜೀವಂತ ಬುಡ್ಡಿಯನ್ನು ಹುಡುಕುತ್ತಿದ್ದರು. ಹುಡುಗನನ್ನು ಐಸ್ ಕ್ಯಾಂಡಿ ಫ್ಯಾಕ್ಟರಿಗೆ ಓಡಿಸಿ ಮಂಜುಗಡ್ಡೆ ತರಿಸಿ, ಕುಟ್ಟಿ ಪುಡಿಮಾಡಿ, ಕಲ್ಲುಪ್ಪು ಬೆರೆಸಿ, ಬುಡ್ಡಿಯನ್ನು ಅದರಲ್ಲಿ ಹೂತಿಡುತ್ತಿದ್ದರು. ಈಥರ್ 35 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವ ವಸ್ತು. ಉಪ್ಪು ಬೆರೆಸಿದ ಮಂಜಿನಲ್ಲಿ ಅದು ಸುಮ್ಮನೆ ದ್ರವವಾಗಿ ಕುಳಿತಿರುತ್ತದೆ, ಕೊಳವೆ ಕತ್ತರಿಸಿದರೂ ಹೊರಗೆ ಹಾರುವುದಿಲ್ಲ. ಅಷ್ಟರೊಳಗೆ ಎರಡು ಕೊಳವೆಗಳ ತುದಿ ಜೋಡಿಸಿ, ನಡುವಿನ ತೂತು ಮುಚ್ಚದಂತೆ ಬೆಸುಗೆ ಹಾಕಬೇಕು. ‘ಮಾತಾಡಿಸ್ಬೇಡಿ ಗೌಡ್ರೇ, ಐಸ್ ಕರಗ್ತದೆ’ ಎಂದು ಅಪ್ಪನನ್ನು ಸುಮ್ಮನಾಗಿಸುತ್ತಿದ್ದರು.

ಬೆಸುಗೆ ಆರಿದ ಮೇಲೆ ಪರೀಕ್ಷೆ. ಸ್ಟೌ ಮೇಲೆ ಕುದಿಯುವ ನೀರಿನಲ್ಲಿ ಬುಡ್ಡಿ ಇಳಿಬಿಟ್ಟು ಮುಳ್ಳನ್ನು ನೋಡುವುದು. ನೀರು ಕುದಿಯುವುದು 212 ಫ್ಯಾರನ್‌ಹೀಟಿಗೆ ಎಂದು ಶಾಲೆಯಲ್ಲಿ ಓದಿದ್ದ ನನಗೆ, ಸಾಬರು ಮುಳ್ಳನ್ನು ಅದಕ್ಕಿಂತ ಕೊಂಚ ಕೆಳಗೇ ಕೂರಿಸುವುದು ವಿಚಿತ್ರವಾಗಿ ಕಾಣುತ್ತಿತ್ತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 205-206ಕ್ಕೇ ಕುದಿಯುತ್ತದೆ. ಪುಸ್ತಕ ಓದಿ ಬಂದ ಲೆಕ್ಕವಲ್ಲ ಅದು. ಇಲ್ಲಿನ ಕುದಿಯುವ ನೀರಿಗೆ ಮುಳ್ಳನ್ನು ಎಲ್ಲಿ ಹೊಂದಿಸಬೇಕೆಂದು ಅವರ ಕೈಗೇ ಗೊತ್ತಿತ್ತು.

ಪೆಟ್ರೋಲ್ ಗೇಜು ಕೆಟ್ಟರೆ ತಪ್ಪು ಮುಕ್ಕಾಲು ಪಾಲು ಟ್ಯಾಂಕಿನ ಒಳಗಿನ ಹಿತ್ತಾಳೆ ಫ್ಲೋಟಿನದು. ಕಣ್ಣಿಗೆ ಕಾಣದ ತೂತಿನಿಂದ ಪೆಟ್ರೋಲು ಒಳಗಿಳಿದು ಫ್ಲೋಟು ಮುಳುಗಿದರೆ ಟ್ಯಾಂಕು ತುಂಬಿದ್ದರೂ ಮುಳ್ಳು ಖಾಲಿ ಎನ್ನುತ್ತದೆ. ಸಾಬರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಿದ್ದರು. ನಂತರ ಬಿಸಿನೀರಿಗೆ ಹಾಕಿದರೆ ಗುಳ್ಳೆ ಏಳುವ ಜಾಗವೇ ತೂತು. ಒಳಗಿನ ಪೆಟ್ರೋಲು ಪೂರ್ತಿ ಆವಿಯಾಗಿ ಹೋಗುವವರೆಗೆ ಬೆಸುಗೆ ಕಡ್ಡಿಯನ್ನು ಮುಟ್ಟುತ್ತಲೇ ಇರಲಿಲ್ಲ.

ಅವರು ತೀರಿಕೊಂಡರು. ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದರು, ಅದರಲ್ಲಿ ತಪ್ಪೇನಿಲ್ಲ. ಹೊಸ ಗಾಡಿಗಳ ಮೀಟರ್ ಬೋರ್ಡಿನಲ್ಲಿ ರಿಪೇರಿಗೆ ಸಿಗುವಂಥದ್ದೇ ಕಡಿಮೆ. ಕಂಪ್ಯೂಟರು ಹೇಳಿದಂತೆ ಪುಟ್ಟ ಮೋಟಾರು ಮುಳ್ಳನ್ನು ತಿರುಗಿಸುತ್ತದೆ, ಕೆಟ್ಟರೆ ಸೆಟ್ಟೇ ಬದಲಾಯಿಸಬೇಕು. ಎಷ್ಟೋ ಕಾರುಗಳಲ್ಲಿ ಹೀಟಿನ ಮುಳ್ಳನ್ನು, ನೀರಿನ ಬಿಸಿ ಸಾಕಷ್ಟು ಮೇಲೆ ಕೆಳಗೆ ಆದರೂ, ನಟ್ಟನಡುವೆ ಅಲ್ಲಾಡದಂತೆ ನಿಲ್ಲಿಸಿರುತ್ತಾರೆ, ಓಡಿಸುವವರು ಗಾಬರಿಯಾಗದಿರಲಿ ಎಂದು. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಘಾಟಿ ಹತ್ತುವವನಿಗೆ ಬೇಕಾದದ್ದು ಸಮಾಧಾನವಲ್ಲ, ಸುದ್ದಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯದರಂತೆ ಕಾಣುವ ಹೊಸ ಗೇಜುಗಳು ಸಿಗುತ್ತವೆ. ನಾನೂ ಒಂದು ತಂದೆ. ಡಯಲ್ಲು ಚೆಂದ, ಒಳಗೆ ಎಲ್ಲವೂ ಕರೆಂಟಿನದು, ಮುಳ್ಳು ಎರಡನೇ ಮಳೆಗಾಲ ದಾಟಲಿಲ್ಲ. ಕಾನೂನಿನ ಕಡೆಯಿಂದಲೂ ಹೆಚ್ಚು ಆಸರೆಯಿಲ್ಲ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ಅದು ಕೇಳುವುದು ಚಾಸಿ, ಬಾಡಿ, ಎಂಜಿನ್ನಿನ ಅಸಲಿತನವನ್ನು. ಹಿಂದೆ ಪಿಕಪ್ ಬಾಡಿ ಕಟ್ಟಿಸಿಕೊಂಡು ತಲೆಮಾರುಗಟ್ಟಲೆ ದುಡಿದ ನಮ್ಮ ಗಾಡಿಯಂಥವಕ್ಕೆ ಆ ಗೌರವ ಸಿಗುವುದು ಕಷ್ಟ. ಅವುಗಳ ದಾರಿ ಗುಜರಿಯ ಕಡೆಗೇ, ಮೀಟರುಗಳೂ ಅವುಗಳ ಜೊತೆಗೇ ತೂಕಕ್ಕೆ.

ಆದ್ದರಿಂದ ತೋಟದ ಮನೆಗಳವರಲ್ಲಿ ಒಂದು ಕೋರಿಕೆ. ಅಟ್ಟದ ಮೇಲೆ, ಗೋಡೌನಿನ ಮೂಲೆಯಲ್ಲಿ ಹಳೇ ಮೀಟರ್ ಬೋರ್ಡ್ ಬಿದ್ದಿದ್ದರೆ ತೂಕಕ್ಕೆ ಹಾಕಬೇಡಿ. ಹೀಟ್ ಮೀಟರಿನ ಸಪೂರ ಕೊಳವೆಯನ್ನು ಮಡಚದೆ, ದೊಡ್ಡದಾಗಿ ಸುತ್ತಿಡಿ. ಬುಡ್ಡಿಯನ್ನು ಒಮ್ಮೆ ಬಿಸಿನೀರಿಗೆ ಇಳಿಸಿ ನೋಡಿ. ಮುಳ್ಳು ಎದ್ದಿತೆಂದರೆ ಒಳಗೆ ಈಥರ್ ಇದೆ, ಇನ್ನೊಂದು ಗಾಡಿಗೆ ಅದು ಆದೀತು. ಬೆಸುಗೆ ಹಾಕುವುದನ್ನು ನಾನು ಕಲಿಯುತ್ತಿದ್ದೇನೆ.