ಮಹಾದೇವಭಾಯಿಯ ಲೇಖನಿ

ದೊಡ್ಡವರ ಕಾಗದಪತ್ರಗಳನ್ನು ಓದುವಾಗ ಅವನ್ನು ಜೋಡಿಸಿಟ್ಟ ಕೈ ಯಾರದೆಂದು ಕೇಳುವವರು ವಿರಳ. ನನಗಂತೂ ಗಾಂಧೀಜಿಯವರ ಪತ್ರಗಳ ಸಂಪುಟವನ್ನು ತೆರೆದಾಗಲೆಲ್ಲ ಮಹಾದೇವ ದೇಸಾಯಿಯವರ ನೆನಪೇ ಮೊದಲು ಬರುವದು. 1917 ರಲ್ಲಿ ಬಳಿ ಸೇರಿದ ಈ ಕಾರ್ಯದರ್ಶಿ ಇಪ್ಪತ್ತೈದು ವರುಷ ಬಂದ ಓಲೆಗಳನ್ನು ನೋಡಿಕೊಂಡರು, ಉತ್ತರಗಳ ಕರಡು ಬರೆದರು, ಆಡಿದ ಮಾತುಗಳನ್ನು ದಿನಚರಿಯಲ್ಲಿ ಹಿಡಿದಿಟ್ಟರು. ಸೇವಕನಿಗೂ ಒಂದು ಮನಸ್ಸುಂಟಷ್ಟೆ!

1938 ರಲ್ಲಿ ಕಸ್ತೂರಬಾ ಅವರೂ ಮಹಾದೇವರ ಪತ್ನಿ ದುರ್ಗಾಬೆನ್ ಅವರೂ ಪುರಿಯ ಜಗನ್ನಾಥನ ಗುಡಿಗೆ ಹೋಗಿಬಂದರು. ಹರಿಜನರಿಗೆ ಆಗ ಬಾಗಿಲು ತೆರೆಯದಿದ್ದ ಗುಡಿ ಅದು. ಗಾಂಧೀಜಿ ಬಹಳ ನೊಂದರು. ಮೊದಲೇ ತಿಳಿಹೇಳದ ದೋಷವನ್ನು ತಮ್ಮ ಮೇಲೂ ಮಹಾದೇವರ ಮೇಲೂ ಹೊರಿಸಿದರು. ಮಹಾದೇವರು ಬಿಟ್ಟುಹೋಗಲು ಅಪ್ಪಣೆ ಬೇಡಿದರು, ಅದೂ ದೊರೆಯಲಿಲ್ಲ. ಆಗ ಅವರು ಮಾಡಿದ್ದೇನು? ನಡೆದುದನ್ನೆಲ್ಲ ತಾವೇ ಬರೆದು ‘ಹರಿಜನ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ತನ್ನ ನೋವನ್ನೂ ದಫ್ತರಕ್ಕೆ ಸೇರಿಸುವ ಈ ನಿಷ್ಠೆ ನನಗೆ ಬೆರಗನ್ನೂ, ಸುಳ್ಳೇಕೆ, ತುಸು ಮುನಿಸನ್ನೂ ತರುವದು. ಇಷ್ಟನ್ನು ಕೇಳುವ ಹಕ್ಕು ಮಹಾತ್ಮನಿಗಾದರೂ ಉಂಟೆ?

1942 ರ ಆಗಸ್ಟ್ 15 ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ, ಐವತ್ತರ ವಯಸ್ಸಿಗೇ, ಮಹಾದೇವರು ತೀರಿಕೊಂಡರು. ಶವಕ್ಕೆ ಸ್ನಾನಮಾಡಿಸಿದವರು ಗಾಂಧೀಜಿಯೇ. ಆ ಮೇಜಿನ ಕೆಲಸ ಪ್ಯಾರೇಲಾಲರ ಪಾಲಿಗೆ ಬಂದಿತು.